ದಂಡಿನ ಜೊತೆ ಹೋದ ಹಕ್ಕಿಗಳು

ಕರ್ನಾಟಕದ ವಿಜಯಪುರವನ್ನು ಮರಾಠಿಯಲ್ಲಿ ‘ವಿಜಾಪೂರ’ ಎನ್ನುತ್ತಾರೆ. ಅಲ್ಲಿಂದ ಉತ್ತರಕ್ಕೆ ಮುನ್ನೂರೈವತ್ತು ಕಿಲೋಮೀಟರಿಗೂ ಮಿಕ್ಕಿ ದೂರದಲ್ಲಿ, ಸಂಭಾಜಿನಗರದಿಂದ ನಾಸಿಕದ ಕಡೆಗೆ ಹೋಗುವ ಹಾದಿಯಲ್ಲಿ, ‘ವೈಜಾಪೂರ’ ಎಂಬ ತಾಲ್ಲೂಕು ಪಟ್ಟಣ ಇದೆ. ಬರಹದಲ್ಲಿ ಎರಡಕ್ಕೂ ಒಂದು ಸ್ವರಚಿಹ್ನೆಯಷ್ಟೇ ಅಂತರ. ಮೊದಲನೆಯದು ಆದಿಲಶಾಹಿಗಳ ರಾಜಧಾನಿ. ಅಲ್ಲಿನ ಚಿತ್ರಕಲೆಯ ಬಗ್ಗೆ ದಪ್ಪ ದಪ್ಪ ಪುಸ್ತಕಗಳು ಬಂದಿವೆ. ಎರಡನೆಯದಕ್ಕೆ ಅಂಥ ಹೆಸರಿಲ್ಲ. ಆದರೆ ಅದರ ಸುತ್ತಲಿನ ಗೋದಾವರಿ ಸೀಮೆಯಲ್ಲಿ 16 ಮತ್ತು 17ನೇ ಶತಮಾನಗಳಲ್ಲಿ ಬರೆದ ಪುಟಗಳಲ್ಲಿ ದೇವರೂ ನಾಯಿಕೆಯರೂ ಹಕ್ಕಿಗಳೂ ಒಟ್ಟಿಗಿದ್ದರು. ಬಹುಪಾಲು ಪುಟಗಳು ಈಗ ಅಲ್ಲಿಲ್ಲ.

ಕನ್ನಡ ಓದುಗರಿಗೆ ಈ ಸೀಮೆ ಪೂರ್ತಿ ಪರಕೀಯವಲ್ಲ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡು ಎಂದು 9ನೇ ಶತಮಾನದ ಕವಿರಾಜಮಾರ್ಗ ಹೇಳುತ್ತದಲ್ಲ, ಆ ಗೋದಾವರಿಯೇ ವೈಜಾಪುರ ತಾಲ್ಲೂಕಿನ ದಕ್ಷಿಣದ ಅಂಚು. ಪೂರ್ವಕ್ಕೆ ರಾಷ್ಟ್ರಕೂಟರ ಎಲ್ಲೋರ. ಹೊಳೆಯ ಮೇಲುಗಡೆ ನಾಸಿಕ ಜಿಲ್ಲೆಯ ನಾಂದೂರ ಮಧ್ಯಮೇಶ್ವರ, ಕೆಳಗಡೆ ಪೈಠಣದ ಜಾಯಕವಾಡಿ ಜಲಾಶಯ, ಎರಡೂ ಪಕ್ಷಿಧಾಮಗಳು. ಚಳಿಗಾಲದಲ್ಲಿ ಅಲ್ಲಿಗೆ ಕಿತ್ತಳೆ ಮೈಯ ಬಾತುಗಳು ಬರುತ್ತವೆ. ಸಂಸ್ಕೃತದ ಚಕ್ರವಾಕ, ಕನ್ನಡದ ಜಕ್ಕವಕ್ಕಿ ಅದೇ. ಹಗಲೆಲ್ಲ ಜೋಡಿಯಾಗಿದ್ದು ರಾತ್ರಿ ಅಗಲಿ, ಹೊಳೆಯ ಎರಡು ದಡಗಳಿಂದ ಒಂದನ್ನೊಂದು ಕೂಗುತ್ತವೆ ಎಂದು ಕವಿಗಳು ನಂಬಿದ ಹಕ್ಕಿ. ಈ ಲೇಖನದ ಚಿತ್ರಗಳಿಗೂ ಅಗಲಿಕೆಗೂ ನಂಟು ಗಟ್ಟಿ.

ಇಂಥ ಚಿತ್ರಗಳನ್ನು ಚಿಕಣಿ ಚಿತ್ರ ಎನ್ನುತ್ತಾರೆ. ಇಂಗ್ಲಿಷಿನ ‘ಮಿನಿಯೇಚರ್’ ಪದಕ್ಕೆ ಮೂಲದಲ್ಲಿ ಚಿಕ್ಕದು ಎಂಬ ಅರ್ಥವೇ ಇರಲಿಲ್ಲ. ಲ್ಯಾಟಿನಿನಲ್ಲಿ ‘ಮಿನಿಯಮ್’ ಎಂದರೆ ಸಿಂಧೂರ, ಸೀಸದ ಕೆಂಪು. ಹಸ್ತಪ್ರತಿಗೆ ಆ ಬಣ್ಣ ತುಂಬುವ ಕೆಲಸದಿಂದ ಬಂದ ಮಾತು ಅದು. ದಖ್ಖನದ ಪುಟಗಳ ಮಟ್ಟಿಗೆ ಹಳೆಯ ಅರ್ಥವೇ ಹೆಚ್ಚು ಒಪ್ಪುತ್ತದೆ. ಕೆಂಪು ಗೋಡೆ, ಹಳದಿ ನೆಲ, ನೇರಳೆ ಬಂಡೆ, ಬಂಗಾರದ ಆಕಾಶ. ನೋಡುವವರ ಕಣ್ಣಿಗೆ ಮೊದಲು ತಾಕುವುದು ಬಣ್ಣ; ಅಳತೆ ಆಮೇಲೆ ನೆನಪಾಗುತ್ತದೆ.

ಕತೆಯನ್ನು ಒಬ್ಬ ಕವಿಯಿಂದ ಶುರುಮಾಡಬೇಕು. ಭಾನುದತ್ತ ಮಿಥಿಲೆಯವನು; ಸುಮಾರು 1500ರ ಹೊತ್ತಿನವನೆಂದು ಈಚಿನ ವಿದ್ವಾಂಸರು ಎಣಿಸುತ್ತಾರೆ. ಅವನ ‘ರಸಮಂಜರಿ’ ನಾಯಿಕೆಯರ ವರ್ಗೀಕರಣದ ಪುಸ್ತಕ. ಸ್ವೀಯಾ, ಪರಕೀಯಾ, ಸಾಮಾನ್ಯಾ ಎಂದು ಮೊದಲ್ಗೊಂಡು ಒಳಗೊಳಗೆ ಕವಲೊಡೆಯುವ ಈ ಪಟ್ಟಿ ಶಾಸ್ತ್ರದಂತೆ ಕಂಡರೂ ಪ್ರತಿ ವಿಧಕ್ಕೂ ಕೊಟ್ಟ ಉದಾಹರಣೆಯ ಪದ್ಯ ಒಂದು ಪುಟ್ಟ ದೃಶ್ಯ. ಚಿತ್ರಗಾರನಿಗೆ ಇದಕ್ಕಿಂತ ಅನುಕೂಲದ ಪುಸ್ತಕ ಸಿಗುವುದು ಕಷ್ಟ. ಅದರ ಒಂದು ಪದ್ಯದಲ್ಲಿ ‘ನಿಜಾಮ’ ಎಂಬ ದೊರೆಯ ಹೆಸರು ಬರುತ್ತದೆ. ಯಾವ ನಿಜಾಮ? 1636ರ ಹೊತ್ತಿಗೆ ಕಾಶಿಯಲ್ಲಿ ಕೂತು ರಸಮಂಜರಿಗೆ ವ್ಯಾಖ್ಯಾನ ಬರೆದ ಅನಂತ ಪಂಡಿತ ಅವನನ್ನು ದೇವಗಿರಿಯ ಅರಸನೆಂದು ಬಿಡಿಸಿ ಹೇಳಿದ. ದೇವಗಿರಿಯೆಂದರೆ ದೌಲತಾಬಾದ್, ಅಹ್ಮದನಗರದ ನಿಜಾಮಶಾಹಿಗಳ ಕೋಟೆ. ವ್ಯಾಖ್ಯಾನಕಾರನ ಮೂಲ ಊರು ಗೋದಾವರಿ ದಡದ ಪುಣ್ಯಸ್ತಂಭ. ಇಂದಿನ ಪುಣತಾಂಬೆ, ವೈಜಾಪುರ ತಾಲ್ಲೂಕಿಗೆ ಹೊಳೆಯ ಆಚೆ ದಡ. ಮಿಥಿಲೆಯಿಂದ ದಕ್ಷಿಣಕ್ಕೆ ಬಂದ ಕವಿಯ ಪದ್ಯದಲ್ಲಿ ಯಾವ ರಾಜನಿದ್ದಾನೆಂದು ದಕ್ಷಿಣದಿಂದ ಕಾಶಿಗೆ ಹೋದ ಪಂಡಿತ ಗುರುತಿಸಿದ.

ಆ ರಸಮಂಜರಿಯ ಒಂದು ಸಚಿತ್ರ ಪ್ರತಿ 1650ರಲ್ಲಿ ಔರಂಗಾಬಾದಿನಲ್ಲಿ ತಯಾರಾಯಿತು. ಕಲಾ ಇತಿಹಾಸಕಾರ್ತಿ ಸರಯೂ ದೋಶಿ ಅದನ್ನು ಪ್ರಕಟಿಸುವವರೆಗೆ ಇಂಥದೊಂದು ಪ್ರತಿ ಇದೆಯೆಂಬುದೇ ಹೆಚ್ಚು ಜನರಿಗೆ ಗೊತ್ತಿರಲಿಲ್ಲ. ಬರೆಸಿದವನು ಮೇವಾಡದ ಸಿಸೋದಿಯಾ ಮನೆತನದ ಒಬ್ಬ ರಜಪೂತ. ಗೋದಾವರಿ ಸೀಮೆಯಲ್ಲಿ ಅವನಿಗೇನು ಕೆಲಸ? ಊರಿನ ಚರಿತ್ರೆಯೇ ಅದಕ್ಕೆ ಉತ್ತರ. 1610ರಲ್ಲಿ ಮಲಿಕ್ ಅಂಬರ್ ಖಡಕಿ ಎಂಬ ಹೆಸರಿನಲ್ಲಿ ಕಟ್ಟಿದ ಊರು ಇದು. ಆಫ್ರಿಕಾದಿಂದ ಗುಲಾಮನಾಗಿ ಬಂದು ನಿಜಾಮಶಾಹಿಯ ಪ್ರಧಾನಿಯಾದ ಆತ ಬದುಕಿದ್ದಷ್ಟು ದಿನ ಮೊಗಲರಿಗೆ ಇಲ್ಲಿ ನೆಲೆ ಊರಲು ಬಿಡಲಿಲ್ಲ. 1633ರಲ್ಲಿ ದೌಲತಾಬಾದ್ ಬಿತ್ತು, 1636ಕ್ಕೆ ನಿಜಾಮಶಾಹಿಯೇ ಮುಗಿಯಿತು. ಊರು ಮೊಗಲರ ದಖ್ಖನ ಸುಬೆಯ ಠಾಣ್ಯವಾಯಿತು, ಔರಂಗಜೇಬನ ಹೆಸರು ಹೊತ್ತಿತು. 2023ರಲ್ಲಿ ಮತ್ತೆ ಹೆಸರು ಬದಲಾಗಿ ಛತ್ರಪತಿ ಸಂಭಾಜಿನಗರವಾಗಿದೆ. ಊರೊಳಗಿನ ಬಡಾವಣೆಗಳ ಹೆಸರುಗಳು ಮಾತ್ರ ಇನ್ನೂ ಹಳೆಯ ದಂಡಿನ ಹಾಜರಿ ಪುಸ್ತಕದಂತಿವೆ: ಬಿಕಾನೇರಿನ ರಾಜಾ ಕರಣಸಿಂಹನ ಹೆಸರಿನ ಕರಣಪುರ, ಅವನ ಮಗ ಪದಮಸಿಂಹನ ಪದಮಪುರ, ಆಮೇರಿನ ಮಿರ್ಜಾ ರಾಜಾ ಜಯಸಿಂಹನ ಜಯಸಿಂಗಪುರ. ಮೊಗಲರ ಚಾಕರಿಯಲ್ಲಿ ರಜಪೂತರು ವರ್ಷಗಟ್ಟಲೆ, ಕೆಲವರು ಜೀವಮಾನವಿಡೀ ಇಲ್ಲಿ ಬಿಡಾರ ಹೂಡಿದ್ದರು. ಕರಣಸಿಂಹ 1669ರಲ್ಲಿ ತೀರಿಕೊಂಡದ್ದೂ ಇಲ್ಲಿಯೇ.

ಇದನ್ನು ನೆನಪಿನಲ್ಲಿಟ್ಟು ರಸಮಂಜರಿಯನ್ನು ತೆರೆದರೆ ಪುಸ್ತಕ ಬೇರೆಯಾಗಿ ಕಾಣುತ್ತದೆ. ಭಾನುದತ್ತ ವಿವರಿಸುವ ನಾಯಿಕೆಯ ಎಂಟು ಅವಸ್ಥೆಗಳಲ್ಲಿ ಒಂದು ಪ್ರೋಷಿತಭರ್ತೃಕಾ, ಗಂಡ ಪರದೇಶಕ್ಕೆ ಹೋಗಿರುವವಳು. ಇನ್ನೊಬ್ಬಳು ಉತ್ಕಾ, ಅವನು ಯಾಕೆ ಬರಲಿಲ್ಲವೆಂದು ತಳಮಳಿಸುವವಳು. ಮತ್ತೊಬ್ಬಳು ವಾಸಕಸಜ್ಜಾ, ಬರುತ್ತಾನೆಂದು ಮನೆ, ಹಾಸಿಗೆ, ಮೈ ಎಲ್ಲವನ್ನೂ ಸಿಂಗರಿಸಿ ಕಾದವಳು. ಕಾವ್ಯಶಾಸ್ತ್ರದ ತರಗತಿಯಲ್ಲಿ ಇವು ಪರೀಕ್ಷೆಗೆ ಬಾಯಿಪಾಠ ಮಾಡುವ ಲಕ್ಷಣಗಳು. ಮೇವಾಡದಿಂದ ನೂರಾರು ಹರದಾರಿ ದೂರದ ಠಾಣ್ಯದಲ್ಲಿ ಕೂತು ಬರೆಸಿಕೊಂಡವನಿಗೆ ಅವು ಬರೀ ಲಕ್ಷಣಗಳಾಗಿದ್ದಿರಲಾರವು. ಪುಟಗಳ ಬಣ್ಣ ದಖ್ಖನದ್ದು, ದೃಶ್ಯದ ಜೋಡಣೆಯಲ್ಲಿ ಮೇವಾಡದ ನೆನಪಿದೆ. ಎರಡು ಊರುಗಳ ನಡುವೆ ಸಿಕ್ಕಿಕೊಂಡಿದ್ದವನು ಬರೆಸಿದವನೊಬ್ಬನೇ ಅಲ್ಲ. ಚಿತ್ರವೂ ಹಾಗೆಯೇ ಇತ್ತು.

ಗಂಡ ದೂರ ಹೋದ ಮನೆಯ ಇನ್ನೊಂದು ಕತೆ ಆ ಕಾಲಕ್ಕೆ ದಖ್ಖನದಲ್ಲಿ ಎಲ್ಲರಿಗೂ ಗೊತ್ತಿತ್ತು. ಸಂಸ್ಕೃತದ ಶುಕಸಪ್ತತಿಯನ್ನು ಆಧರಿಸಿ ನಖ್ಶಬಿ 14ನೇ ಶತಮಾನದಲ್ಲಿ ಪಾರಸಿಯಲ್ಲಿ ‘ತೂತೀನಾಮಾ’ ಬರೆದ. ಅದನ್ನು ಗೋಲ್ಕೊಂಡದ ಕವಿ ಗವ್ವಾಸಿ 1639ರಲ್ಲಿ ದಖನಿಗೆ ತಂದ. ವ್ಯಾಪಾರಕ್ಕೆ ಹೊರಡುವ ಗಂಡ ಹೆಂಡತಿಯ ಕಾವಲಿಗೆ ಒಂದು ಗಿಳಿಯನ್ನೂ ಒಂದು ಗೊರವಂಕವನ್ನೂ ಬಿಟ್ಟುಹೋಗುತ್ತಾನೆ. ಅವಳು ಪ್ರಿಯಕರನ ಬಳಿಗೆ ಹೊರಟಾಗ ಗೊರವಂಕ ನೆಟ್ಟಗೆ ಬೇಡವೆನ್ನುತ್ತದೆ. ಅವಳು ಅದನ್ನು ಕೊಲ್ಲುತ್ತಾಳೆ. ಗಿಳಿ ಬೇಡವೆನ್ನದೆ ರಾತ್ರಿಗೊಂದು ಕತೆ ಹೇಳುತ್ತ ಬೆಳಗು ಮಾಡುತ್ತದೆ. ಹೀಗಿರುವಾಗ ಯಾವುದಾದರೂ ಪುಟದಲ್ಲಿ ಒಂಟಿ ಹೆಂಗಸಿನ ಬಳಿ ಗಿಳಿಯ ಪಂಜರ ಕಂಡರೆ ಅದನ್ನು ಮನೆಯ ಅಲಂಕಾರವೆಂದು ದಾಟಿ ಹೋಗುವಂತಿಲ್ಲ. ಮನೆಯ ಗುಟ್ಟು ಬಲ್ಲದ್ದು, ಬೇಕಾದರೆ ಬಾಯಿಬಿಡಬಲ್ಲದ್ದು ಅದೊಂದೇ. ಕನ್ನಡದಲ್ಲೂ ಗಿಳಿ, ಗೊರವಂಕ ಎಂದು ಜೋಡಿಯಾಗಿಯೇ ಹೇಳುವ ರೂಢಿ ಇದೆ, ಸಂಸ್ಕೃತದ ಶುಕ-ಸಾರಿಕೆಯ ಹಾಗೆ.

ಇದೆಲ್ಲ ಶೃಂಗಾರವಾಯಿತು, ಭಕ್ತಿ ಎಲ್ಲಿ ಬಂತು? ಭಾನುದತ್ತನ ಪುಸ್ತಕದ ನಾಯಕನಿಗೆ ಹೆಸರಿಲ್ಲ. ಅವನು ಕೃಷ್ಣನೆಂದು ಎಲ್ಲೂ ವಿಧಿಸಿಲ್ಲ. ಆದರೆ 1660ರ ದಶಕದ ಹೊತ್ತಿಗೆ ಹಿಮಾಲಯದ ಬುಡದ ಬಸೋಹಲಿಯಲ್ಲಿ ಇದೇ ಪುಸ್ತಕಕ್ಕೆ ಚಿತ್ರ ಬರೆದವರು ನಾಯಕನಿಗೆ ನೀಲಿ ಮೈ, ಕಮಲದ ಕಿರೀಟ ಕೊಟ್ಟು ಕೃಷ್ಣನನ್ನಾಗಿಸಿದರು. ಕಾಯುವವಳು ರಾಧೆಯಾದಳು, ಕಾಯುವಿಕೆ ಭಕ್ತಿಯಾಯಿತು. ಇದಕ್ಕೆ ಒಂದಕ್ಷರ ಬದಲಿಸಬೇಕಾಗಲಿಲ್ಲ, ಮೈಬಣ್ಣ ಬದಲಿಸಿದರೆ ಸಾಕಾಯಿತು. ನವಿಲು ಈ ರೂಪಾಂತರಕ್ಕೆ ಬಹಳ ಅನುಕೂಲದ ಹಕ್ಕಿ. ಮಳೆಗಾಲದ ವಿರಹಕ್ಕೂ ಅದೇ, ಕೃಷ್ಣನ ಮುಡಿಗೂ ಅದೇ. ಕಪ್ಪು ಮೋಡದ ಅಡಿ ನವಿಲು ಕೂಗುವ, ಬೆಳ್ಳಕ್ಕಿ ಸಾಲು ಹಾರುವ ಪುಟ ಪ್ರೇಮದ್ದೋ ಪೂಜೆಯದೋ ಎಂದು ಕೇಳಿದರೆ ಚಿತ್ರಗಾರನಿಗೆ ಪ್ರಶ್ನೆಯೇ ವಿಚಿತ್ರವೆನಿಸುತ್ತಿತ್ತೇನೋ.

ಔರಂಗಾಬಾದಿನ ಪ್ರತಿ ಶೂನ್ಯದಿಂದ ಹುಟ್ಟಿದ್ದಲ್ಲ. ಅದಕ್ಕೆ ಎಂಬತ್ತು ವರ್ಷ ಮೊದಲೇ ನಿಜಾಮಶಾಹಿ ಅಹ್ಮದನಗರದಲ್ಲಿ ಒಂದು ಸಚಿತ್ರ ಕಾವ್ಯ ತಯಾರಾಗಿತ್ತು. ಈಗ ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಳದಲ್ಲಿರುವ ‘ತಾರೀಫ್-ಎ-ಹುಸೇನ್ ಶಾಹಿ’ ಪಾರಸಿ ಕಾವ್ಯ, ಬರೆದವನು ಆಫ್ತಾಬಿ. 1565ರ ಜನವರಿಯಲ್ಲಿ ವಿಜಯನಗರದ ರಾಮರಾಯನನ್ನು ಸೋಲಿಸಿ ಕೊಂದ ಯುದ್ಧ, ನಾವು ತಾಳೀಕೋಟೆಯದೆಂದೂ ರಕ್ಕಸಗಿ-ತಂಗಡಗಿಯದೆಂದೂ ಕರೆಯುವುದು, ಅದರ ವಿಜಯೋತ್ಸವ ಈ ಕಾವ್ಯದ ಮುಖ್ಯ ಭಾಗ. ಕನ್ನಡಿಗರಿಗೆ ಓದಲು ಹಿತವಾದ ಪುಸ್ತಕವಲ್ಲ. ಆದರೆ ಅದರ ಒಂದು ಪುಟದಲ್ಲಿ ಹೆಂಗಸೊಬ್ಬಳು ಮರವನ್ನು ತಬ್ಬಿದ್ದಾಳೆ, ಮರ ಹೂಬಿಟ್ಟಿದೆ. ಇದು ದೋಹದ: ಸುಂದರಿ ಮುಟ್ಟಿದರೆ ಅಶೋಕ ಅರಳುತ್ತದೆಂಬ ಸಂಸ್ಕೃತ ಕಾವ್ಯದ ನಂಬಿಕೆ, ಬೇಲೂರಿನ ಮದನಿಕೆಯರ ಸೋದರಿ. ಇಲ್ಲಿನ ಹೆಂಗಸರ ನಿಲುವು, ಉಡುಗೆಗಳಲ್ಲಿ ಕೆಲವು ವಿದ್ವಾಂಸರು ಮಾಳವದ ಜೊತೆಗೆ ಲೇಪಾಕ್ಷಿ ಗುಡಿಯ ಚಾವಣಿಯ ವಿಜಯನಗರ ಶೈಲಿಯನ್ನೂ ಗುರುತಿಸುತ್ತಾರೆ. ಸೋಲಿಸಿದ ರಾಜ್ಯದ ಚಿತ್ರಭಾಷೆಯಲ್ಲೇ ಗೆಲುವಿನ ಕಾವ್ಯವನ್ನು ಅಲಂಕರಿಸಿದ್ದಾರೆ. ಇದನ್ನು ‘ಸಾಮರಸ್ಯ’ ಎನ್ನುವುದು ಸುಲಭ, ಆದರೆ ಆ ಪುಸ್ತಕದಲ್ಲಿ ರುಂಡ ಕತ್ತರಿಸುವ ದೃಶ್ಯವೂ ಇದೆ. ಗೆದ್ದವರ ಮನೆಯೊಳಗೂ ಶಾಂತಿ ಇರಲಿಲ್ಲ. ರಾಣಿ ಖುಂಜಾ ಹುಮಾಯೂನಳ ಚಿತ್ರ ಸುಲ್ತಾನನ ಮಗ್ಗುಲಲ್ಲೇ ಬರೆಯಲಾಗಿತ್ತು. ಮುಂದೆ ಮಗನ ಕಾಲದಲ್ಲಿ ಅವಳು ಸೆರೆಯಾದ ಮೇಲೆ ಯಾರೋ ಆ ಆಕೃತಿಗಳನ್ನು ಬಣ್ಣ ಬಳಿದು ಅಳಿಸಿದರು. ಅಳಿಸಿದ ಕಲೆ ಇಂದಿಗೂ ಕಾಣುತ್ತದೆ.

ಅದೇ ಶತಮಾನದ ಕೊನೆಯ ದಶಕಗಳಲ್ಲಿ ಉತ್ತರ ದಖ್ಖನದಲ್ಲಿ ಬರೆದ ರಾಗಮಾಲಾ ಪುಟಗಳು ಇದಕ್ಕಿಂತ ಚೆಲುವು. ಅವನ್ನು ಅಹ್ಮದನಗರದಲ್ಲಿ ಬರೆದರೋ ಬೇರೆಡೆಯೋ ಎಂಬ ವಾದ ಇನ್ನೂ ನಡೆದಿದೆ. ಉಯ್ಯಾಲೆಯ ಮೇಲಿನ ಪುರುಷ ಹಿಂದೋಳ ರಾಗ. ಸುತ್ತ ಹೆಂಗಸರು, ಹೂಬಿಟ್ಟ ಗಿಡ, ತಲೆಯ ಮೇಲಿನ ಪಟ್ಟಿಯಲ್ಲಿ ನಾಗರಿಯಲ್ಲಿ ಬರೆದ ಸಂಸ್ಕೃತ ಪದ್ಯ. ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಅದನ್ನು ನೋಡಬಹುದು. ರಾಗಮಾಲೆಯ ವಿಚಾರವೇ ಸೋಜಿಗದ್ದು. ಕೇಳುವ ವಸ್ತುವಿಗೆ ಮೈ, ಬಟ್ಟೆ, ಸಂಗಾತಿ, ಹಕ್ಕಿ ಕೊಡಬೇಕು. ಕಕುಭ ರಾಗಿಣಿ ಎಂದರೆ ಕಾಡಿನಲ್ಲಿ ಹಾರ ಹಿಡಿದು ಒಂಟಿಯಾಗಿ ನಿಂತವಳು, ಸುತ್ತ ನವಿಲುಗಳು. ತೋಡಿಗೆ ವೀಣೆ ಮತ್ತು ಜಿಂಕೆ. ವಸಂತ, ಮೇಘ ರಾಗಗಳಲ್ಲಿ ಕುಣಿಯುವವನು ಸಾಮಾನ್ಯವಾಗಿ ಕೃಷ್ಣನೇ. ಮೇಲಿನ ಪಟ್ಟಿಯ ಪದ್ಯವನ್ನು ಓದಲಾರದವನೂ ನವಿಲನ್ನು ನೋಡಿ ಕಕುಭವೆನ್ನುತ್ತಾನೆ. ಲಿಪಿ ಬಾರದವರಿಗೆ ಹಕ್ಕಿಯೇ ಶೀರ್ಷಿಕೆ.

ಇಲ್ಲಿ ಒಬ್ಬ ಕನ್ನಡಿಗನ ಮಾತು ಹೇಳಲೇಬೇಕು. ಪುಂಡರೀಕ ವಿಠ್ಠಲ ಶಿವಗಂಗೆ ಬೆಟ್ಟದ ಹತ್ತಿರದ ಸಾತನೂರಿನವನು. ಅಲ್ಲಿಂದ ಖಾನದೇಶಕ್ಕೆ, ಅಂದರೆ ವೈಜಾಪುರದ ಉತ್ತರದ ಬೆಟ್ಟಸಾಲಿನ ಆಚೆಗೆ ಹೋಗಿ, ಫಾರೂಕಿ ವಂಶದ ಬುರ್ಹಾನ್ ಖಾನನ ಆಶ್ರಯದಲ್ಲಿ ‘ಸದ್ರಾಗಚಂದ್ರೋದಯ’ ಬರೆದ. ಆಮೇಲೆ ಆಮೇರಿನ ಕಛವಾಹರ ಆಶ್ರಯ. 1576ರ ಅವನ ‘ರಾಗಮಾಲಾ’ ರಾಗಗಳನ್ನು ಗಂಡು, ಹೆಣ್ಣು, ಮಕ್ಕಳೆಂದು ಸಂಸಾರ ಕಟ್ಟಿ ವರ್ಣಿಸುತ್ತದೆ. ಚಿತ್ರಗಾರರು ಹೆಚ್ಚಾಗಿ ಅನುಸರಿಸಿದ್ದು ಬೇರೆ ಪರಂಪರೆಯ ಪದ್ಯಗಳನ್ನು, ಹಾಗಾಗಿ ಈ ಪುಟಗಳನ್ನು ಅವನ ಲೆಕ್ಕಕ್ಕೆ ಹಾಕುವುದು ಸಲ್ಲದು. ಆದರೂ ದಕ್ಷಿಣದ ಸಂಗೀತವನ್ನೂ ಉತ್ತರದ ಸಂಗೀತವನ್ನೂ ಬಲ್ಲ ಒಬ್ಬ ಅದೇ ದಶಕಗಳಲ್ಲಿ, ಅದೇ ಹಾದಿಯಲ್ಲಿ ಓಡಾಡಿದ್ದ. ಮೈಸೂರಿನ ರಾ. ಸತ್ಯನಾರಾಯಣ ಅವರು ಅವನ ಗ್ರಂಥಗಳನ್ನು ಸಂಪಾದಿಸದಿದ್ದರೆ ಇವನನ್ನು ಇಲ್ಲಿ ಯಾರೂ ನೆನೆಯುತ್ತಿರಲಿಲ್ಲ.

ಇನ್ನು ಇನ್ನೊಂದು ‘ವಿಜಾಪೂರ’. ಅಲ್ಲಿ ಭಕ್ತಿಯ ಚಿತ್ರ ಬರೆಸಿದವನು ಸುಲ್ತಾನನೇ. ಎರಡನೇ ಇಬ್ರಾಹಿಂ ಆದಿಲಶಾಹ (1580–1627) ದಖನಿಯಲ್ಲಿ ಕಟ್ಟಿದ ಹಾಡುಗಳ ‘ಕಿತಾಬ್-ಎ-ನೌರಸ್’ನಲ್ಲಿ ಸರಸ್ವತಿ, ಗಣಪತಿ, ಕಲಬುರಗಿಯ ಬಂದೇನವಾಜರು ಒಂದೇ ಸಾಲಿನಲ್ಲಿ ಬರುತ್ತಾರೆ. ತನ್ನ ತಂಬೂರಿಗೂ ಆನೆಗೂ ಹೆಸರಿಟ್ಟು ಹಾಡಿದವನು ಅವನು. ಪರ್ಷಿಯಾದಿಂದ ಬಂದ ಚಿತ್ರಗಾರ ಫರೂಖ್ ಹುಸೇನ್ 1604ರ ಸುಮಾರಿಗೆ ಅವನಿಗಾಗಿ ವೀಣೆ ನುಡಿಸುವ ಸರಸ್ವತಿಯನ್ನು ಬರೆದ. ದೇವಿ ಕೂತಿರುವುದು ಸುಲ್ತಾನರ ಸಿಂಹಾಸನದಂಥ ಚಿನ್ನದ ಪೀಠದಲ್ಲಿ. ಚಿತ್ರದಲ್ಲಿರುವ ಬರಹದಲ್ಲಿ ಇಬ್ರಾಹಿಂ ಗಣಪತಿಯನ್ನು ತಂದೆಯೆಂದೂ ಸರಸ್ವತಿಯನ್ನು ತಾಯಿಯೆಂದೂ ಹೇಳಿಕೊಂಡಿದ್ದಾನೆ. ಅದೇ ವರ್ಷಗಳ ಇನ್ನೊಂದು ಚಿತ್ರ ಈಗ ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ: ಬೂದಿ ಬಣ್ಣದ ಮೈ, ನೆತ್ತಿಗೆ ಕಟ್ಟಿದ ಕೂದಲು, ಅರಮನೆಗೆ ಒಪ್ಪುವ ಒಡವೆ, ಕೈಯಲ್ಲಿ ಗೊರವಂಕ, ದೂರದ ಬೆಟ್ಟದ ಮೇಲೆ ಅರಮನೆ. ಅವಳು ಯೋಗಿನಿ. ಮನೆ ಬಿಟ್ಟು ಬಂದವಳ ಕೈಯಲ್ಲಿ ಮನೆಯ ಹಕ್ಕಿ ಯಾಕಿದೆ? ತೂತೀನಾಮಾ ಗೊತ್ತಿದ್ದವರಿಗೆ ಅದು ಸತ್ಯ ಹೇಳಿ ಸತ್ತ ಹಕ್ಕಿ. ನಾಥಪಂಥದ ಜೋಗಿಗಳನ್ನು ಕಂಡವರಿಗೆ ಅದು ಗುರುವೋ ಶಿಷ್ಯನೋ ಇರಬಹುದು. ಅವಳೂ ಹಕ್ಕಿಯೂ ಒಂದನ್ನೊಂದು ನೋಡುತ್ತಿರುವ ರೀತಿ ನೋಡಿದರೆ ಮಾತು ಇನ್ನೂ ಮುಗಿದಿಲ್ಲ.

ಈ ಪುಟಗಳು ಊರು ಬಿಟ್ಟದ್ದು ದಂಡಿನ ಹಾದಿಯಲ್ಲೇ. 1686ರಲ್ಲಿ ವಿಜಯಪುರ, ಮರುವರ್ಷ ಗೋಲ್ಕೊಂಡ ಔರಂಗಜೇಬನ ಕೈಸೇರಿದವು. ಆ ದಶಕದ ಕೊನೆಗೆ ಆದೋನಿ ಬಿತ್ತು. ಬಳ್ಳಾರಿ, ರಾಯಚೂರಿಗೆ ಹತ್ತಿರದ ಆ ಕೋಟೆಯನ್ನು ವಿಜಯಪುರದ ಸಿದ್ದಿ ಮಸೂದ್ ಹಿಡಿದಿದ್ದ. ಗೆದ್ದವರ ಪರವಾಗಿ ಅಲ್ಲಿದ್ದವನು ಕರಣಸಿಂಹನ ಮಗ, ಬಿಕಾನೇರಿನ ರಾಜ ಅನೂಪಸಿಂಹ. ಅವನಿಗೆ ಪುಸ್ತಕದ ಹುಚ್ಚು. ಬಿಕಾನೇರಿನ ಅನೂಪ ಸಂಸ್ಕೃತ ಗ್ರಂಥಾಲಯ ಅವನ ಹೆಸರಿನದು. ಅವನ ಆಸ್ಥಾನದ ಭಾವಭಟ್ಟ ಬರೆದ ಸಂಗೀತ ಗ್ರಂಥಗಳಿಗೂ ಅನೂಪನದೇ ಹೆಸರು. ದಖ್ಖನದಿಂದ ಹಸ್ತಪ್ರತಿಗಳು, ಚಿತ್ರಗಳು, ಕಂಚಿನ ಮೂರ್ತಿಗಳು ಅವನ ಊರಿಗೆ ಹೋದವು. ಅವನೇ ಹೋಗಲಿಲ್ಲ, 1698ರಲ್ಲಿ ಆದೋನಿಯಲ್ಲೇ ಸತ್ತ.

ಇದನ್ನು ರಕ್ಷಣೆ ಎನ್ನುವವರಿದ್ದಾರೆ, ಲೂಟಿ ಎನ್ನುವವರೂ ಇದ್ದಾರೆ. ಬಿಕಾನೇರಿನ ಉಗ್ರಾಣದ ಗುಮಾಸ್ತರಿಗೆ ಆ ಜಗಳ ಬೇಕಿರಲಿಲ್ಲ. ಅವರು ಚಿತ್ರದ ಬೆನ್ನಿಗೆ ತಮ್ಮ ಮಾರವಾಡಿಯಲ್ಲಿ ಸಂಖ್ಯೆ ಹಾಕಿದರು, ಲೆಕ್ಕ ತೆಗೆದ ವರ್ಷ ಬರೆದರು. ಕೆಲವು ಚಿತ್ರಗಳ ಬೆನ್ನಿನಲ್ಲಿ ಆದೋನಿಯ ಹೆಸರೇ ಇದೆ. ಹರ್ಮನ್ ಗೆಟ್ಸ್ 1950ರಲ್ಲಿ ಬಿಕಾನೇರಿನ ಕಲೆಯ ಬಗ್ಗೆ ಪುಸ್ತಕ ತಂದ ಮೇಲೆಯೇ ಅಲ್ಲಿನ ದಖ್ಖನಿ ರಾಗಮಾಲೆ ಹೊರಜಗತ್ತಿನ ಕಣ್ಣಿಗೆ ಬಿದ್ದದ್ದು. ಮುಂದಿನ ದಶಕಗಳಲ್ಲಿ ಅರಮನೆಗಳ ಸಂಗ್ರಹಗಳು ಒಡೆದು ಬಿಡಿ ಪುಟಗಳು ಮಾರಾಟವಾದವು. ಚೌಕಟ್ಟು ಕಟ್ಟುವಾಗ ಬೆನ್ನಿನ ಬರಹ ಮುಚ್ಚಿಹೋಯಿತು. ಎಷ್ಟೋ ಪುಟಗಳಿಗೆ ಮೇಲಿನ ಪದ್ಯದ ಪಟ್ಟಿಯೂ ಉಳಿಯಲಿಲ್ಲ. ಕೊನೆಗೆ ಗೋಡೆಯ ಮೇಲೆ ಒಂದು ಚೀಟಿ: ‘ಹಕ್ಕಿಯೊಂದಿಗೆ ಮಹಿಳೆ, ದಖ್ಖನ್, 17ನೇ ಶತಮಾನ’. ಅನುವಾದದಲ್ಲಿ ಇದಕ್ಕಿಂತ ಹೆಚ್ಚು ಕಳೆದುಕೊಳ್ಳುವುದು ಕಷ್ಟ. ಅವಳು ಪ್ರೋಷಿತಭರ್ತೃಕೆಯೋ ಕಕುಭ ರಾಗಿಣಿಯೋ ಯೋಗಿನಿಯೋ ಎಂಬುದನ್ನು ಹೇಳುತ್ತಿದ್ದದ್ದು ಆ ಪಟ್ಟಿ, ಆ ಬೆನ್ನು ಮತ್ತು ಆ ಹಕ್ಕಿ. ಮೂರರಲ್ಲಿ ಎರಡು ಹೋಗಿವೆ, ಮೂರನೆಯದಕ್ಕೆ ಚೀಟಿಯಲ್ಲಿ ಜಾತಿಯ ಹೆಸರೂ ಇಲ್ಲ.

ಒಂದು ಜೋಡಿ ಹಕ್ಕಿ ಮಾತ್ರ ಊರು ಬಿಟ್ಟಿಲ್ಲ. ವೈಜಾಪುರದಿಂದ ನಾಸಿಕದ ಕಡೆ ಹೊರಟರೆ ಸಿಗುವ ಯೇವಲೆ ಪೈಠಣಿ ಸೀರೆ ನೇಯುವ ಊರು. ಸೆರಗಿನ ವಿನ್ಯಾಸಗಳಲ್ಲಿ ಬಳೆಯಾಕಾರದೊಳಗೆ ನವಿಲಿರುವ ‘ಬಾಂಗಡಿ ಮೋರ’ ಒಂದು, ‘ತೋತಾ-ಮೈನಾ’ ಇನ್ನೊಂದು. ಗಿಳಿಯ ಹಸಿರು, ಕೊಕ್ಕಿನ ಕೆಂಪು ಒಂದೊಂದಕ್ಕೂ ಬೇರೆ ಬೇರೆ ಪುಟ್ಟ ಕಂಡಿಕೆ. ಎಳೆ ಎಳೆ ಎಣಿಸಿ ಕೈಯಿಂದಲೇ ಹೆಣೆಯಬೇಕು. ದೊಡ್ಡ ಸೆರಗಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಅಂಗಡಿಯವರು ಅಸಲಿ ಕೈಮಗ್ಗದ ಪೈಠಣಿ ಯಾವುದೆಂದು ತೋರಿಸಲು ಸೆರಗನ್ನು ಮಗುಚುತ್ತಾರೆ. ಎಳೆಗಳು ಜೋತುಬಿದ್ದಿರುವುದಿಲ್ಲ, ಹಿಂಬದಿಯಲ್ಲೂ ಅದೇ ಗಿಳಿ, ಅದೇ ಗೊರವಂಕ ಇರುತ್ತವೆ.